ಡಾಕ್ಟ್ರಿಗಾ, ಸಿಸ್ಟರಿಗಾ?

ಹಗರೆಯ ಚಲುವಮ್ಮನ ಮಗ ರಾಹುಲ್‌ಗೆ ಯಾರನ್ನು ಕಂಡರೂ ಮೊದಲು ಅವರ ಪೊಳ್ಳೇ ಕಣ್ಣಿಗೆ ಬೀಳುತ್ತಿತ್ತು. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಮೇಜಿನ ಕೆಳಗೆ ಗೈಡ್ ಇಟ್ಟುಕೊಂಡು ಪಾಠ ಮಾಡುತ್ತಾರೆ ಅನ್ನುವುದನ್ನು ಇಡೀ ತರಗತಿಯಲ್ಲಿ ಮೊದಲು ಕಂಡುಹಿಡಿದವನು ಅವನೇ. ಕಂಡರೂ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಮೂಗಿನ ಎಡಗಡೆ ಹೊಳ್ಳೆ ಒಂಚೂರು ಮೇಲೇರುತ್ತಿತ್ತು, ಅಷ್ಟೆ. "ಆ ಮೂಗೊಂದು ನೆಟ್ಟಗಿದ್ದಿದ್ರೆ ನನ್ ಮಗನಂಥ ಮಗ ಇಲ್ಲ" ಅನ್ನುತ್ತಿದ್ದಳು ಚಲುವಮ್ಮ.

ಆ ಮೂಗು ಅತಿ ಹೆಚ್ಚು ಸಲ ಮೇಲೇರಿದ್ದು ಸೋದರಮಾವ ನಟರಾಜನ ಎದುರಿಗೆ. ನಟರಾಜ ಚಲುವಮ್ಮನ ತಮ್ಮ, ಬೇಲೂರಿನ ಒಂದು ಆಫೀಸಿನಲ್ಲಿ ಗುಮಾಸ್ತ, ಮನೆ ಹಳೇಬೀಡಿನಲ್ಲಿ. ಕುಟುಂಬದಲ್ಲಿ ಮೊದಲು ತಿಂಗಳ ಸಂಬಳ ತಂದವನು ಅವನು. ಊಟಕ್ಕೆ ಕೂತಾಗಲೂ ಜೇಬಿನಿಂದ ಪೆನ್ನು ತೆಗೆಯುತ್ತಿರಲಿಲ್ಲ. ಮಾತಾಡುವಾಗ ನಡುವೆ "ಆಕ್ಚುಯಲಿ" ಅಂತ ಒಂದು ಸೇರಿಸಿದರೆ ಮಾತಿಗೆ ತೂಕ ಬರುತ್ತದೆ ಅಂತ ನಂಬಿದ್ದ.

ಪಿಯುಸಿಯಲ್ಲಿ ಡಾಕ್ಟರ್ ಸೀಟಿಗೆ ಸಾಲುವಷ್ಟು ನಂಬರು ಬರದೆ ರಾಹುಲ್ ಅರಸೀಕೆರೆಯ ಒಂದು ಖಾಸಗಿ ನರ್ಸಿಂಗ್ ಶಾಲೆಗೆ ಸೇರಿದಾಗ ಮಾವ ಹಗರೆಗೇ ಬಂದು ಜಗಲಿಯ ಮೇಲೆ ಕೂತ.

"ಗಂಡು ಹುಡುಗ ನರ್ಸಾ? ಆಕ್ಚುಯಲಿ ಬಿಳಿ ಸೀರೆ ಉಡಿಸ್ತಾರೇನೋ ನಿಂಗೆ?"

ಅಪ್ಪ ಗಿಡ್ಡಯ್ಯ ಡೈರಿಗೆ ಹಾಲು ಹಾಕಲು ಕ್ಯಾನು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. ಚಲುವಮ್ಮ ಮಾತ್ರ, "ಕಾಯಿಲೆ ಬಿದ್ದೋರ ಹೊಲಸು ಬಳಿಯೋ ಕೆಲ್ಸ ಯಾರಾದ್ರೂ ಮಾಡ್ಬೇಕಲ್ಲಪ್ಪ. ನೀನಂತೂ ಮಾಡಲ್ಲ" ಅಂದು ಒಳಗೆ ಹೋದಳು.

ಎರಡು ತಿಂಗಳು ಕಳೆದಿರಲಿಲ್ಲ. ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಆಫೀಸಿನವರು ಎದುರಾದಾಗ ಅದೇ ಮಾವ ರಾಹುಲನ ಹೆಗಲ ಮೇಲೆ ಕೈಹಾಕಿ, "ನಮ್ಮಕ್ಕನ ಮಗ. ಡಾಕ್ಟ್ರು ಓದ್ತಾ ಇದ್ದಾನೆ" ಅಂದ. ಆಫೀಸಿನವರು ಕೈ ಕುಲುಕಿದರು. ರಾಹುಲ್ ಅಲ್ಲ ಅನ್ನಲಿಲ್ಲ. ಆ ಕೈಕುಲುಕು ಒಂದು ಗಳಿಗೆ ಹಿತವಾಗಿಯೇ ಇತ್ತು. ಬಸ್ಸು ಹತ್ತಿದ ಮೇಲೆ ಅದು ನೆನಪಾಗಿ ಮಾವನಿಗಿಂತ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಎರಡನೇ ವರ್ಷ, ಅಂದರೆ ಎರಡು ಸಾವಿರದ ಮೂರನೇ ಇಸವಿಯಲ್ಲಿ, ವಾರ್ಡಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಸ್ವಂತ ಸ್ಟೆತಾಸ್ಕೋಪ್ ತರಬೇಕು ಅಂತ ಹೇಳಿದರು. ಅಲ್ಲಿಯವರೆಗೆ ನಲವತ್ತು ಜನಕ್ಕೆ ಶಾಲೆಯದೊಂದೇ ಇತ್ತು. ಅದರ ಕೊಳವೆ ಬಿರುಕುಬಿಟ್ಟು ಪ್ಲಾಸ್ಟರು ಸುತ್ತಿದ್ದರು. ಕಿವಿಗೆ ಹಾಕಿಕೊಂಡರೆ ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಆದರೂ ಬಿ.ಪಿ. ನೋಡುವ ಪ್ರಾಕ್ಟಿಕಲ್ಲಿನ ದಿನ ನಲವತ್ತು ಜನವೂ ನೂರಿಪ್ಪತ್ತು ಬೈ ಎಂಬತ್ತು ಅಂತಲೇ ಬರೆದರು. ಟೀಚರು ನಲವತ್ತಕ್ಕೂ ಸರಿ ಹಾಕಿದರು. ಬರೆದವರ ಬಗ್ಗೆ, ಸರಿ ಹಾಕಿದವರ ಬಗ್ಗೆ ರಾಹುಲನಿಗೆ ಎಷ್ಟು ತಿರಸ್ಕಾರ ಹುಟ್ಟಿತೆಂದರೆ ಅವತ್ತು ಹಾಸ್ಟೆಲಿನಲ್ಲಿ ಯಾರ ಜೊತೆಯೂ ಊಟಕ್ಕೆ ಕೂರಲಿಲ್ಲ. ಆ ನಲವತ್ತರಲ್ಲಿ ಅವನದೂ ಒಂದಿತ್ತು.

ಹಾಗಾಗಿ ಈಗ ಕೊಳ್ಳುವುದಾದರೆ ಕೇಳಿಸುವಂಥದ್ದೇ ಕೊಳ್ಳಬೇಕು ಅಂತ ತೀರ್ಮಾನ ಮಾಡಿದ್ದ. ಜೊತೆಯ ಹುಡುಗಿಯರು ನೀಲಿಯೋ ಗುಲಾಬಿಯೋ ಅಂತ ಚರ್ಚೆಗೆ ಬಿದ್ದಿದ್ದರು. ಹುಡುಗರು ಕುತ್ತಿಗೆಗೆ ಯಾವುದು ಒಪ್ಪುತ್ತದೆ ಅಂತ ಹಾಸ್ಟೆಲಿನ ಕನ್ನಡಿ ಮುಂದೆ ಟವೆಲು ಹಾಕಿಕೊಂಡು ನೋಡುತ್ತಿದ್ದರು. ರಾಹುಲ್ ಒಬ್ಬನೇ ಹೋಗುವವನಿದ್ದ. ಚಲುವಮ್ಮ ಫೋನಿನಲ್ಲಿ ತಮ್ಮನಿಗೆ ಬಾಯಿತಪ್ಪಿ ಹೇಳಿಬಿಟ್ಟಿದ್ದಳು. ಶನಿವಾರ ಮಧ್ಯಾಹ್ನ ಜಾವಗಲ್ ಕಡೆಯಿಂದ ಬಂದ ಬಸ್ಸಿನಿಂದ ಮಾವ ಇಳಿದ, ಶೂಗೆ ಪಾಲಿಶ್ ಹಾಕಿಸಿಕೊಂಡು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಂದುಧರ ಅನ್ನುವವರ ಅಂಗಡಿ. ಮುಂದೆ ಔಷಧಿ, ಹಿಂದಿನ ಕಪಾಟಿನಲ್ಲಿ ಆಸ್ಪತ್ರೆ ಸಾಮಾನು. ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಇಡೀ ಊರಿನ ರೋಗ ತಮಗೆ ಗೊತ್ತು ಅನ್ನುವ ಗತ್ತು. ರಾಹುಲ್ ಸ್ಟೆತಾಸ್ಕೋಪ್ ಬೇಕು ಅಂದರೆ ಅವರು ನೋಡಿದ್ದು ಮಾವನ ಶೂವನ್ನು.

"ಡಾಕ್ಟ್ರಿಗಾ, ಸಿಸ್ಟರಿಗಾ?"

"ಡಾಕ್ಟ್ರಿಗೆ" ಅಂದ ಮಾವ.

"ನರ್ಸಿಗೆ" ಅಂದ ರಾಹುಲ್.

ಇಂದುಧರ ಇಬ್ಬರನ್ನೂ ಒಮ್ಮೆ ನೋಡಿ, ಯಾರ ಮಾತು ಹಿಡಿದರೆ ಲಾಭ ಅಂತ ಲೆಕ್ಕಹಾಕಿ, ಮೇಲಿನ ಕಪಾಟಿನಿಂದ ಮಖಮಲ್ಲಿನ ಒಳಹಾಸು ಇದ್ದ ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಕನ್ನಡಿಯಂತೆ ಹೊಳೆಯುವ ಸ್ಟೆತ್ತು, ಕುಂಕುಮದ ಬಣ್ಣದ ಕೊಳವೆ. "ಫಾರಿನ್ ಮಾಲು. ಹಾಸನದ ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಇದೇ ಒಯ್ಯೋದು."

ರಾಹುಲ್ ಎದೆಗಿಡುವ ಬಿಲ್ಲೆಯ ಹಿಂದಿನ ಅಕ್ಷರ ಓದಿದ. ಅಮೆರಿಕ ಅನ್ನುವುದರಲ್ಲೇ ಒಂದು ಅಕ್ಷರ ತಪ್ಪಿತ್ತು. ಮೂಗು ಮೇಲೇರಿತು. ಕಿವಿಗೆ ಸಿಕ್ಕಿಸಿಕೊಂಡು ಅಂಗಿಯ ಗುಂಡಿ ಬಿಚ್ಚಿ ತನ್ನದೇ ಎದೆಗೆ ಒತ್ತಿಕೊಂಡ. ಗೋಡೆಯಾಚೆ ಯಾರೋ ಹಾಸಿಗೆ ಒದರಿದ ಹಾಗೆ ಏನೋ ಕೇಳಿತು. ಬಿಲ್ಲೆಯ ಮೇಲಿನ ಹಾಳೆ ಸಡಿಲವಾಗಿ ಲಟಲಟ ಅನ್ನುತ್ತಿತ್ತು. ಕಿವಿಯ ತುದಿಗಳು ಸರಿಯಾಗಿ ಕೂರದೆ ರಸ್ತೆಯ ಹಾರನ್ ಸದ್ದನ್ನೆಲ್ಲ ಒಳಗೆ ಬಿಡುತ್ತಿದ್ದವು.

"ಬೇರೆ ತೋರಿಸಿ."

"ಇದಕ್ಕೇನಪ್ಪ ಆಗಿದೆ?"

"ಹೊಳೆಯತ್ತೆ, ಕೇಳಲ್ಲ."

ಇಂದುಧರ ಬೇಸರದಿಂದ ಕೆಳಗಿನ ಡ್ರಾಯರಿನಿಂದ ನಾಲ್ಕೈದು ತೆಗೆದು ಸೊಪ್ಪಿನ ಕಟ್ಟು ಎಸೆದ ಹಾಗೆ ಹಲಗೆ ಮೇಲೆ ಎಸೆದರು. ಒಂದರ ಕೊಳವೆ ಹಗ್ಗದಷ್ಟು ಉದ್ದ, ಹುಲ್ಲುಕಡ್ಡಿಯಷ್ಟು ತೆಳು. ಇನ್ನೊಂದರ ತಿರುಗುವ ಮೂತಿ ಎಲ್ಲೂ ನಿಲ್ಲದೆ ಗಿರಗಿರ ತಿರುಗುತ್ತಿತ್ತು. ಮೂರನೆಯದು ಕಪ್ಪು, ದಪ್ಪ ಕೊಳವೆಯದು, ನೋಡಲು ಏನೂ ಇಲ್ಲ. ರಾಹುಲ್ ಅದನ್ನು ಎದೆಗಿಟ್ಟ. ಮೊದಲು ಏನೂ ಕೇಳಲಿಲ್ಲ. ಮೂತಿ ತಿರುಗಿಸಿದ, ಟಕ್ ಅಂತ ಕೂತಿತು. ಮರುಕ್ಷಣವೇ ಅವನ ಹೃದಯ ಅವನ ಎರಡು ಕಿವಿಗಳ ನಡುವೆ ಬಂದು ನಿಂತು ಬಡಿಯತೊಡಗಿತು. ರಸ್ತೆ ಇಲ್ಲ, ಮಾವ ಇಲ್ಲ. ಇಪ್ಪತ್ತು ವರ್ಷದಿಂದ ತನ್ನೊಳಗೆ ಇಷ್ಟು ಶಿಸ್ತಾಗಿ ಒಬ್ಬ ಕೆಲಸ ಮಾಡುತ್ತಿದ್ದಾನೆ ಅನ್ನುವುದು ಅವನಿಗೆ ಅವತ್ತೇ ಗೊತ್ತಾದದ್ದು.

"ಇದು ಕೊಡಿ."

"ಲೋ, ದನದ ಆಸ್ಪತ್ರೆ ಕಾಂಪೌಂಡರ್ ಹತ್ರ ಇರತ್ತಲ್ಲ, ಹಂಗಿದೆ ಕಣೋ ಅದು!" ಅಂದ ಮಾವ.

"ದನಕ್ಕೂ ಹೃದಯ ಇರತ್ತೆ ಮಾವ."

ಅಮ್ಮ ಕೊಟ್ಟಿದ್ದ ದುಡ್ಡು ಕೊಟ್ಟು ರಾಹುಲ್ ಕಪ್ಪನೆಯದನ್ನು ಕಾಗದದಲ್ಲಿ ಸುತ್ತಿಸಿಕೊಂಡ. ಮಾವ ತನ್ನ ಜೇಬಿನಿಂದ ದುಡ್ಡು ತೆಗೆದ. ಮಖಮಲ್ಲಿನ ಪೆಟ್ಟಿಗೆಯನ್ನು ತನ್ನ ಬ್ಯಾಗಿಗೆ ಹಾಕಿಸಿಕೊಂಡ.

ಯಾಕೆ ಅನ್ನುವುದು ಮೂರು ವಾರ ಬಿಟ್ಟು ತಿಳಿಯಿತು. ಮಾವನ ಮಗಳು ಇಂದುವನ್ನು ನೋಡಲು ಹಾರನಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ನೀರಾವರಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರು. ಅವನ ಅಪ್ಪ ಮರಿಯಣ್ಣ ನಿವೃತ್ತ ಹೆಡ್‌ಮಾಸ್ಟರು. ಹೆಣ್ಣಿನ ಮನೆಯಲ್ಲಿ ಓದಿದವರು ಎಷ್ಟು ಜನ ಅಂತ ಮೊದಲೇ ಹೇಳಿಕಳಿಸಿ ಪಟ್ಟಿ ತರಿಸಿಕೊಂಡಿದ್ದರಂತೆ. ಪಟ್ಟಿಯಲ್ಲಿ ಒಬ್ಬ ಡಾಕ್ಟರಿದ್ದ.

ರಾಹುಲ್ ಹಳೇಬೀಡಿನ ಮನೆಗೆ ಕಾಲಿಡುತ್ತಲೇ ಮಾವ ಒಳಕೋಣೆಗೆ ಎಳೆದುಕೊಂಡು ಹೋಗಿ ಕುಂಕುಮದ ಬಣ್ಣದ್ದನ್ನು ಅವನ ಕುತ್ತಿಗೆಗೆ ಹಾಕಿದ. "ಇವತ್ತೊಂದಿನ ಸುಮ್ನಿರು ಕಣೋ. ಆಕ್ಚುಯಲಿ ಯಾರೂ ಏನೂ ಕೇಳಲ್ಲ."

ಬಾಗಿಲ ಹತ್ತಿರ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದ ಇಂದು, ಬಿ.ಎ. ಕೊನೆ ವರ್ಷದ ಹುಡುಗಿ, ಅವನನ್ನು ನೋಡಿ, "ದನಕ್ಕೆ ಗಂಟೆ ಕಟ್ಟಿದಂಗೈತೆ" ಅಂತ ಅಪ್ಪನಿಗೆ ಕೇಳದ ಹಾಗೆ ಹೇಳಿದಳು.

ಮರಿಯಣ್ಣನವರು ಬಂದು ಕುರ್ಚಿ ತುಂಬ ಕೂತರು. ಇಂದುವಿನ ಕೈಗೆ ಇಂಗ್ಲಿಷ್ ಪೇಪರು ಕೊಟ್ಟು ಗಟ್ಟಿಯಾಗಿ ಓದಿಸಿದರು, ಎರಡು ಕಡೆ ಉಚ್ಚಾರ ತಿದ್ದಿದರು. ತಿದ್ದಿದ ಎರಡರಲ್ಲಿ ಒಂದು ತಪ್ಪು. ಅವರ ಹೆಂಡತಿ ಸುಮಿತ್ರಮ್ಮ ನೆಲ ನೋಡುತ್ತ ಕೂತಿದ್ದರು. ಇಂಜಿನಿಯರ್ ಮಗ ಅಪ್ಪ ನಕ್ಕಾಗ ನಕ್ಕ, ಅಪ್ಪ ಕೆಮ್ಮಿದಾಗ ನೀರು ಕೊಟ್ಟ. ರಾಹುಲ್ ಮೂಲೆಯಲ್ಲಿ ನಿಂತು ಎಲ್ಲರನ್ನೂ ಒಬ್ಬೊಬ್ಬರಾಗಿ ತೂಗಿ ಪಕ್ಕಕ್ಕಿಡುತ್ತಿದ್ದ.

ಕೇಸರಿಬಾತು ಮುಗಿದ ಮೇಲೆ ಮರಿಯಣ್ಣ ಅವನ ಕಡೆ ತಿರುಗಿದರು. "ಏನ್ ಡಾಕ್ಟ್ರೇ, ಸ್ಟೆತಾಸ್ಕೋಪು ಬರೀ ಅಲಂಕಾರಕ್ಕೋ? ನೋಡಿ ನಮ್ಮ ಎಂಜಿನ್ ಹೆಂಗಿದೆ."

ಎಲ್ಲರೂ ನಕ್ಕರು. ರಾಹುಲ್ ಬಂದು ಅವರ ಮುಂದೆ ಮಂಡಿಯೂರಿ ಬಿಲ್ಲೆಯನ್ನು ಎದೆಗಿಟ್ಟ. ಅದೇ ಹಾಸಿಗೆ ಒದರುವ ಸದ್ದು. ಆದರೆ ಬೆರಳಿಗೆ ಸಿಕ್ಕ ಕೈನಾಡಿ ಏನೋ ಬೇರೆ ಹೇಳುತ್ತಿತ್ತು. ಎರಡು ಹೆಜ್ಜೆ ಓಡುತ್ತಿತ್ತು, ಎಡವುತ್ತಿತ್ತು, ಮತ್ತೆ ಓಡುತ್ತಿತ್ತು. ಅವನು ಎದ್ದು ತನ್ನ ಬ್ಯಾಗಿನಿಂದ ಕಪ್ಪನೆಯದನ್ನು ತಂದ. ಮಾವನ ಮುಖ ನೋಡಲಿಲ್ಲ.

"ಸರ್, ಶರ್ಟಿನ ಎರಡು ಗುಂಡಿ ಬಿಚ್ಚಿ. ಇಂದು, ಇಲ್ಲಿ ಬಾ. ಇವರ ಕೈನಾಡಿ ಹಿಡಿ. ನಾನು ಹೂಂ ಅಂದಾಗಿಂದ ಒಂದು ನಿಮಿಷ ಎಣಿಸು. ನಾನು ಎದೆಯಲ್ಲಿ ಎಣಿಸ್ತೀನಿ."

ಹೆಣ್ಣು ನೋಡಲು ಬಂದವರ ಕೈಯನ್ನು ಹೆಣ್ಣೇ ಹಿಡಿದದ್ದು ನೋಡಿ ಅತ್ತೆ, ಇಂದುವಿನ ಅಮ್ಮ, ಸೆರಗು ಬಾಯಿಗಿಟ್ಟುಕೊಂಡಳು. ಗೋಡೆಯ ಗಡಿಯಾರ ನೋಡುತ್ತ ರಾಹುಲ್ ಎಣಿಸಿದ.

"ಎಪ್ಪತ್ತೆಂಟು" ಅಂದಳು ಇಂದು.

ಅವನ ಕಿವಿಯಲ್ಲಿ ಆದದ್ದು ನೂರಾ ನಾಲ್ಕು. ಇನ್ನೊಂದು ಸಲ ಎಣಿಸಿದರು. ಎಪ್ಪತ್ತಾರು, ನೂರಾ ಎರಡು.

"ಸರ್, ಎದೆಯಲ್ಲಿ ಬಡಿಯೋದೆಲ್ಲ ಕೈವರೆಗೆ ಬರ್ತಿಲ್ಲ. ಬಡಿತದಲ್ಲಿ ತಾಳ ಇಲ್ಲ. ನಾಳೇನೇ ಹಾಸನಕ್ಕೆ ಹೋಗಿ ಇ.ಸಿ.ಜಿ. ಮಾಡಿಸಿ. ಇದನ್ನ ಬಿಡಬಾರದು."

ಮರಿಯಣ್ಣನ ನಗು ಅರ್ಧಕ್ಕೆ ನಿಂತಿತು. "ನನಗೇನಾಗಿದೆ? ದಿನಾ ಎರಡು ಮೈಲಿ ನಡೀತೀನಿ. ಯಾವ ವರ್ಷದಲ್ಲಿದ್ದೀಯಪ್ಪ ಎಂ.ಬಿ.ಬಿ.ಎಸ್.?"

ಮಾವ ಬಾಯಿ ತೆರೆಯುವುದರೊಳಗೆ ರಾಹುಲ್ ಹೇಳಿದ. "ಎಂ.ಬಿ.ಬಿ.ಎಸ್. ಅಲ್ಲ ಸರ್. ನರ್ಸಿಂಗ್. ಎರಡನೇ ವರ್ಷ."

"ನರ್ಸಿಂಗಾ?" ಮರಿಯಣ್ಣ ಶರ್ಟಿನ ಗುಂಡಿಗಳನ್ನು ನಿಧಾನಕ್ಕೆ ಹಾಕಿಕೊಂಡರು. "ಗ್ಲೂಕೋಸ್ ಬಾಟ್ಲಿ ಏರಿಸೋನು. ಬಾಟ್ಲಿ ಏರಿಸೋನು ನನ್ನ ಎದೆ ನೋಡಿ ಹಾಸನಕ್ಕೆ ಹೋಗು ಅಂತಾನೆ. ನಟರಾಜ್, ಪಟ್ಟಿಲಿ ಇನ್ನೂ ಏನೇನು ಸುಳ್ಳು ಬರೆದಿದ್ದೀರಿ?"

ಕಾಫಿ ಕುಡಿಯದೆ ಎದ್ದರು. ಮಗನೂ ಎದ್ದ. ಸುಮಿತ್ರಮ್ಮ ಮಾತ್ರ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ರಾಹುಲನ ಮುಖವನ್ನು ಚೆನ್ನಾಗಿ ನೋಡಿಕೊಂಡು ಹೋದರು.

ಬಾಗಿಲು ಹಾಕಿದ ಮೇಲೆ ಮಾವ ಅರಚಿದ. "ಒಂದೇ ಒಂದು ದಿನ ನಿನ್ನ ಬಾಯಿಗೆ ಬೀಗ ಹಾಕ್ಕೊಳ್ಳೋಕಾಗ್ಲಿಲ್ವೇನೋ? ನನ್ನ ಮಗಳ ಬಾಳು ಹಾಳು ಮಾಡ್ದೆ!"

"ಅಪ್ಪ," ಅಂದಳು ಇಂದು ತಟ್ಟೆ ಎತ್ತುತ್ತ, "ಆ ಹುಡುಗ ಒಂದು ಮಾತಾದ್ರೂ ಆಡಿದ್ನಾ? ನಾನು ಅವನನ್ನ ಕಟ್ಕೊಂಡು ದಿನಾ ಅವರಪ್ಪನಿಗೆ ಪೇಪರ್ ಓದ್ಬೇಕಿತ್ತಾ?"

ಮಾವ ಆಮೇಲೆ ಒಂದೂವರೆ ವರ್ಷ ರಾಹುಲನ ಜೊತೆ ಮಾತಾಡಲಿಲ್ಲ. ರಾಹುಲನಿಗೆ ಅದರಿಂದ ಏನೂ ನಷ್ಟ ಕಾಣಲಿಲ್ಲ.

ಮರಿಯಣ್ಣ ಹಾಸನಕ್ಕೆ ಹೋಗಲಿಲ್ಲ. ತಿಂಗಳಾದ ಮೇಲೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಾಗ ಜನ ಆಟೋದಲ್ಲಿ ಹಾಕಿಕೊಂಡು ಹೋದರು. ಇ.ಸಿ.ಜಿ. ತೆಗೆದ ಡಾಕ್ಟರು, ಇನ್ನೂ ಬಿಟ್ಟಿದ್ದರೆ ಲಕ್ವ ಹೊಡೆಯುತ್ತಿತ್ತು ಅಂದರಂತೆ. ವಾಸಿಯಾಗಿ ಊರಿಗೆ ಬಂದ ಮರಿಯಣ್ಣ, ತನಗೆ ಮೊದಲೇ ಅನುಮಾನ ಇತ್ತು, ತಾನೇ ಕಂಡುಹಿಡಿದೆ ಅಂತ ಹಾರನಹಳ್ಳಿಯ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ ಅನ್ನುವ ಸುದ್ದಿ ರಾಹುಲನಿಗೂ ಬಂತು. ಅವನು ನಗಲೂ ಇಲ್ಲ. ಆ ಮನುಷ್ಯ ಬೇರೆ ಏನಾದರೂ ಹೇಳಿದ್ದರೇ ಆಶ್ಚರ್ಯವಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ನರ್ಸಿಂಗ್ ಶಾಲೆಯ ಗೇಟಿನ ಹತ್ತಿರ ಯಾರೋ ಹೆಂಗಸು ಕೇಳುತ್ತಿದ್ದಾರೆ ಅಂದರು. ಹೋಗಿ ನೋಡಿದರೆ ಸುಮಿತ್ರಮ್ಮ, ಕೈಯಲ್ಲಿ ಬಟ್ಟೆ ಚೀಲ. ಮೂರು ಥರದ ಮಾತ್ರೆ ಹೊರತೆಗೆದರು.

"ಇದ್ರಾಗೆ ಯಾವ್ದು ಬೆಳಿಗ್ಗೆ, ಯಾವ್ದು ಸಂಜಿಗೆ ಅಂತ ತಿಳೀವಲ್ದು ಕಣಪ್ಪ. ಡಾಕ್ಟ್ರು ಇಂಗ್ಲೀಷ್ನಾಗೆ ಗೀಚವ್ರೆ. ಅವ್ರನ್ನ ಕೇಳಿದ್ರೆ ನಂಗೆಲ್ಲಾ ಗೊತ್ತೈತೆ ಅಂತಾರೆ. ಮೊನ್ನೆ ರಕ್ತದ ಮಾತ್ರೆ ಎರಡೆರಡು ನುಂಗವ್ರೆ."

ರಾಹುಲ್ ಚೀಟಿ ಓದಿ ಗೇಟಿನ ಕಲ್ಲಿನ ಮೇಲೆ ಕೂತು, ಒಂದೊಂದು ಮಾತ್ರೆಪಟ್ಟಿಯ ಬೆನ್ನಿಗೂ ಸೂರ್ಯ, ಚಂದ್ರ ಬರೆದುಕೊಟ್ಟ. ರಕ್ತ ತೆಳು ಮಾಡುವ ಮಾತ್ರೆ ಯಾಕೆ ಎರಡು ನುಂಗಬಾರದು, ಹಾಗೆ ನುಂಗಿದ್ದನ್ನು ನಾಳೆಯೇ ಡಾಕ್ಟರಿಗೆ ಯಾಕೆ ಹೇಳಬೇಕು, ಮೈಮೇಲೆ ಎಲ್ಲಾದರೂ ನೀಲಿಗಟ್ಟಿದರೆ ಏನು ಮಾಡಬೇಕು ಅಂತ ಬಿಡಿಸಿ ಹೇಳಿದ. ಆಕೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು. ಎಲ್ಲೂ ತಪ್ಪಲಿಲ್ಲ.

"ಬತ್ತೀನಿ ಕಣಪ್ಪ. ನಾನು ಬಂದಿದ್ದು ಅವ್ರ ಕಿವಿಗೆ ಬೀಳ್ಬಾರ್ದು."

"ಯಾಕಮ್ಮ, ಬಾಟ್ಲಿ ಏರಿಸೋನ ಹತ್ರ ಹೋಗಿದ್ದೆ ಅಂತ ಬೈತಾರಾ?"

ಸುಮಿತ್ರಮ್ಮ ಚೀಲದ ಬಾಯಿ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. "ಬೈಯಲ್ಲ. ನಾಚ್ಕೋತಾರೆ. ನಾಚ್ಕೊಂಡ್ರೆ ಮಾತ್ರೆ ಬಿಟ್ಬಿಡ್ತಾರೆ."

ರಾಹುಲ್ ಕಲ್ಲಿನಿಂದ ಎದ್ದ. ಬಿಸಿಲಿದೆ ಅಂತ ಆಕೆಯ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ, ಹಾರನಹಳ್ಳಿಯ ಟೆಂಪೋದಲ್ಲಿ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟ. ಆಮೇಲೆ ಎರಡು ವರ್ಷ, ಅವನು ಕೋರ್ಸು ಮುಗಿಸಿ ಅರಸೀಕೆರೆಯದೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ, ತಿಂಗಳಿಗೊಂದು ಸಲ ಆಕೆ ಬರುತ್ತಿದ್ದರು. ಬರುವಾಗ ಒಂದು ತೆಂಗಿನಕಾಯಿ ತರುತ್ತಿದ್ದರು.