ಮಂಜುವಿಗೆ ಮನೆ ಹುಡುಕುತ್ತ ಕೆಂಗೇರಿಯವರೆಗೆ

ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಬಾಪೂಜಿ ನಗರದ ನಮ್ಮ ಮನೆಯಿಂದ ನಾನು, ನನ್ನ ತಮ್ಮ ಮಂಜು, ಅವನ ಹೆಂಡತಿ ಶೋಭಾ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆವು. ಕತಾರ್‌ನ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡುವ ಮಂಜು ರಜೆಯ ಮೇಲೆ ಬಂದಿದ್ದ. ಅವನು ಅಲ್ಲಿಗೆ ಹೋದಾಗಿನಿಂದ ಶೋಭಾ ಮತ್ತು ಪುಟ್ಟ ಮಗಳು ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದರು. ಈಗ ವಿಜಯನಗರದ ಹೋಟೆಲೊಂದು ಹದಿನೆಂಟು ಸಾವಿರಕ್ಕೆ ಅವನನ್ನು ಕರೆದಿತ್ತು. ಬಾಡಿಗೆ ಮನೆ ಸಿಕ್ಕರೆ ವಾಪಸ್ ಹೋಗುವುದಿಲ್ಲ ಎಂದಿದ್ದ.

ಮೊದಲು ಬಸವೇಶ್ವರನಗರ. ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಟಿಕೆಟ್ ಅವನೊಬ್ಬನಿಗೆ. ಟು-ಲೆಟ್ ಬೋರ್ಡ್ ಹಾಕಿದ್ದ ಮನೆಯ ಹಿಂದಿನ ಪೋರ್ಷನ್ನಿಗೆ ಹದಿನೈದು ಸಾವಿರ, ಹತ್ತು ತಿಂಗಳ ಅಡ್ವಾನ್ಸ್. ಮಂಜು ಚಪ್ಪಲಿಯನ್ನೂ ಬಿಚ್ಚಲಿಲ್ಲ. ಗೋವಿಂದರಾಜನಗರದಲ್ಲಿ ಮಹಡಿಯ ಮೇಲಿನ ಶೀಟಿನ ಮನೆಗೇ ಹನ್ನೊಂದು ಹೇಳಿದರು. ನೀರು, ಕರೆಂಟು ಬೇರೆ.

ಅಲ್ಲೇ ದರ್ಶಿನಿಯೊಂದರಲ್ಲಿ ಇಡ್ಲಿ ತಿನ್ನಲು ನಿಂತೆವು.

"ಅಲ್ಲಿ ನಿಂಗೆ ಎಷ್ಟು ಕೊಡ್ತಾರೋ?" ಎಂದು ಕೇಳಿದೆ.

"ಸಾವಿರ ರಿಯಾಲ್ ಅಕ್ಕ. ಅದಕ್ಕಿಂತ ಕಮ್ಮಿ ಕೊಡಂಗಿಲ್ಲ ಅಂತ ಅಲ್ಲಿ ಕಾನೂನು. ನಮ್ಮ ದುಡ್ಡಲ್ಲಿ ಇಪ್ಪತ್ಮೂರು ಸಾವಿರದ ಮೇಲೆ. ಊಟ, ರೂಮು ಕಂಪನಿದೇ."

"ಹಂಗಾದ್ರೆ ಅಲ್ಲೇ ಸಲೀಸು ಅನ್ನು."

"ಏನ್ ಸಲೀಸು? ಅಲ್ಲಿ ಹೊರಗೆ ಒಬ್ಬ ಉಣ್ಣೋ ದುಡ್ಡಲ್ಲಿ ಇಲ್ಲಿ ಮನೆಮಂದಿಯೆಲ್ಲ ಉಣ್ಬೋದು. ಒಂದು ರೂಮಲ್ಲಿ ಆರು ಜನ ಮಲಗ್ತೀವಿ. ಆ ಸಂಬಳಕ್ಕೆ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗೋಕಾಗಲ್ಲ. ಇವರು ಜೊತೇಲಿಲ್ಲ, ಅದಕ್ಕೇ ಸ್ವಲ್ಪ ಉಳಿಯುತ್ತೆ ಅಷ್ಟೇ."

ಶೋಭಾ ಅರ್ಧ ಇಡ್ಲಿ ಬಿಟ್ಟು ಕೈ ತೊಳೆಯಲು ಹೋದಳು.

ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಕೆಂಗೇರಿಯಲ್ಲಿ ಇಳಿಯುವಾಗ ತುಂತುರು ಹನಿ. ಚರಂಡಿಗೆಂದು ಅಗೆದಿದ್ದ ರಸ್ತೆಯ ಕೊನೆಯಲ್ಲಿ ಒಂದು ಮನೆ, ಒಂಬತ್ತು ಸಾವಿರ. ಅಡುಗೆಮನೆಗೆ ಕಿಟಕಿಯಿತ್ತು. ಶೋಭಾ ಅದನ್ನು ತೆರೆದಳು, ಒಲೆ ಇಡುವ ಜಾಗವನ್ನು ಗೇಣು ಹಾಕಿ ಅಳೆದಳು. "ರೀ, ಇದೇ ಸಾಕು" ಎಂದಳು.

ಮಂಜು ನನ್ನನ್ನು ಹೊರಗೆ ಕರೆದ.

"ಹದಿನೆಂಟರಲ್ಲಿ ಅರ್ಧ ಬಾಡಿಗೆಗೇ ಹೋಗುತ್ತೆ. ಮಗಳನ್ನ ಸ್ಕೂಲಿಗೆ ಸೇರಿಸ್ಬೇಕು, ಗ್ಯಾಸು, ರೇಷನ್ನು... ಆಗಲ್ಲ ಅಕ್ಕ."

"ಶೋಭಾನೂ ದುಡಿದ್ರೆ?"

"ಅವಳು ಗಾರ್ಮೆಂಟ್ಸ್‌ಗೆ ಹೋದ್ರೆ ಮಗೂನ ನೋಡ್ಕೊಳ್ಳೋರ್ಯಾರು? ಇಲ್ಲಿ ನೀನಿರಲ್ಲ. ನಾನು ವಾಪಸ್ ಹೋಗ್ತೀನಿ."

"ಹೋಗೋದಾದ್ರೆ ಇವರು ನಮ್ಮನೇಲೇ ಇರ್ಲಿ ಬಿಡೋ."

"ಇನ್ನೂ ಎಷ್ಟು ವರ್ಷ? ಅವಳಿಗೂ ತನ್ನದು ಅಂತ ಒಂದು ಮನೆ ಬೇಡ್ವಾ?"

ಅಷ್ಟರಲ್ಲಿ ಮನೆಯ ಒಡತಿ ಬೀಗದ ಕೈ ಹಿಡಿದು ಬಂದರು. ಶೋಭಾ ನಗುತ್ತಲೇ ಅಡುಗೆಮನೆಯಿಂದ ಹೊರಬಂದಳು.

"ಎಷ್ಟು ಜನ ಇರ್ತೀರಪ್ಪಾ?" ಎಂದು ಒಡತಿ ಕೇಳಿದರು.

ಮಂಜು ಹೆಂಡತಿಯ ಕಡೆ ನೋಡದೆ ಹೇಳಿದ: "ಇಬ್ಬರು, ಆಂಟಿ. ತಾಯಿ, ಮಗಳು."

ಸಂಜೆ ಮೆಟ್ರೋದಲ್ಲಿ ವಾಪಸಾದೆವು. ಮಂಜುವಿನ ಪಕ್ಕದಲ್ಲಿ ಜಾಗವಿತ್ತು. ಶೋಭಾ ಕೂರಲಿಲ್ಲ. ಬಾಗಿಲ ಬಳಿಯ ಕಂಬ ಹಿಡಿದು, ಇಳಿಯುವವರೆಗೂ ಕೆಂಗೇರಿಯ ಕಡೆಗೇ ಮುಖ ಮಾಡಿ ನಿಂತಿದ್ದಳು.