ಹಬ್ಬಕ್ಕೆ ತೊಳೆದ ನಂಬರುಗಳು

ಔರಾದದ ಕಡೆಯ ಆ ವಾಡಿಯಲ್ಲಿ ಇಪ್ಪತ್ತೆರಡು ಮನೆಗಳಿದ್ದವು. ಪ್ಲೇಗಿನ ವರ್ಷ ಜನ ಊರು ಬಿಟ್ಟಿದ್ದರಿಂದ ಸರ್ಕಾರಿ ದಫ್ತರದಲ್ಲಿ ಅದು ‘ಬೇಚಿರಾಗ್’, ಎಂದರೆ ಯಾರೂ ವಾಸವಿಲ್ಲದ ಊರು. ಜನ ಮರಳಿ ಬಂದು ಎಷ್ಟೋ ಬೆಳೆ ತೆಗೆದಿದ್ದರೂ ದಫ್ತರ ತಿದ್ದಿಕೊಂಡಿರಲಿಲ್ಲ. ಊರ ಪಟ್ಟಿಯಲ್ಲಿ ಸ್ವಂತ ನಂಬರು ಇಲ್ಲದೆ ಸರ್ಕಾರಿ ಶಾಲೆ ಸಿಗುವಂತಿರಲಿಲ್ಲ; ಜನಗಣತಿಯಲ್ಲಿ ಮನೆಗಳು ಲೆಕ್ಕಕ್ಕೆ ಬಂದರೆ ಮಾತ್ರ ಆ ನಂಬರು ಸಿಗುತ್ತಿತ್ತು. ಭಾಲ್ಕಿಯಲ್ಲಿ ಗುರುಗಳ ಸನ್ನಿಧಿಯಲ್ಲಿ ಶಾಸ್ತ್ರಾಭ್ಯಾಸ ಮುಗಿಸಿ, ವಾಡಿಯಲ್ಲಿ ಪ್ರವಚನಕ್ಕೆ ನೆಲೆನಿಂತಿದ್ದ ನಾನು, ಆ ಶಾಲೆಯ ಆಸೆಗಾಗಿಯೇ ಜನಗಣತಿಯ ಕೆಲಸ ಒಪ್ಪಿಕೊಂಡೆ.

ಅಪ್ಪಣೆಯಂತೆ ಕೆಮ್ಮಣ್ಣು ಕಲಸಿ ಪ್ರತಿ ಬಾಗಿಲಿನ ಮೇಲೂ ನಂಬರು ಬರೆದೆ. ಎಣಿಕೆ ಮುಗಿಯುವವರೆಗೆ ಅದನ್ನು ಅಳಿಸಬಾರದೆಂದು ಮನೆಯವರಿಗೆ ತಿಳಿಸುವುದೂ ನನ್ನದೇ ಹೊಣೆಯಾಗಿತ್ತು. ನಾನು ತಿಳಿಸಲಿಲ್ಲ. ತಿಳಿಸದೆ ಇದ್ದುದು ಸಾಲದೆಂಬಂತೆ, ಶಿವರಾತ್ರಿ ಸಮೀಪಿಸಿದಾಗ ಪ್ರವಚನದಲ್ಲಿ ಶುಚಿತ್ವದ ಮಹಿಮೆಯನ್ನು ಬಣ್ಣಿಸಿ, ಶಿವನು ಬರುವ ಬಾಗಿಲಿನ ಮೇಲೆ ಒಂದು ಕಲೆಯೂ ಇರಕೂಡದೆಂದೆ. ಹೆಣ್ಣುಮಕ್ಕಳು ಭಕ್ತಿಯಿಂದ ಕೇಳಿದರು. ಅಷ್ಟೇ ಭಕ್ತಿಯಿಂದ ಬಾಗಿಲುಗಳನ್ನು ತಿಕ್ಕಿ ತೊಳೆದು, ನನ್ನ ನಂಬರುಗಳಿದ್ದ ಕಡೆ ವಿಭೂತಿ ಎಳೆದರು.

ಹಬ್ಬ ಮುಗಿದ ಮೂರನೆಯ ದಿನ ತಪಾಸಣೆಗೆಂದು ಕಂದಾಯ ಇಲಾಖೆಯ ಗಿರದಾವರ ಸಾಹೇಬರು ಕುದುರೆಯೇರಿ ಬಂದರು.

“ನಂಬರ್ ಎಲ್ಲಿ ಅದಾವ್ರಿ, ಅಯ್ಯನೋರ?”

ನಾನು ನನ್ನ ಪಟ್ಟಿಯನ್ನು ಮುಂದೆ ಹಿಡಿದೆ.

“ಕಾಗದ ಯಾರ್ ಬೇಕಾದ್ರೂ ಬರೀತಾರ. ಬಾಗಲಾ ತೋರಸ್ರಿ. ನಂಬರ್ ಇಲ್ಲಂದ್ರ ಮನಿ ಇಲ್ಲ.”

ಅವರಿಗೆ ಆಗಷ್ಟೇ ಮಜ್ಜಿಗೆ ಕೊಟ್ಟಿದ್ದ ಮುದುಕಿ ಸೊಂಟದ ಮೇಲೆ ಕೈಯಿಟ್ಟಳು. “ಮನೀನ ಇಲ್ಲಂದ್ರ, ಸಾಹೇಬ್ರ, ಈಗ ಎರಡ ತಂಬಗಿ ಕುಡದ್ರಲ್ಲಾ, ಅದೇನ್ ದೆವ್ವದ ಮಜ್ಜಿಗಿ ಏನ್ರಿ?”

ನೆರೆದವರು ನಕ್ಕರು. “ಮಜ್ಜಿಗಿ ಛಲೋ ಇತ್ತಮ್ಮಾ,” ಎಂದು ಸಾಹೇಬರೂ ನಕ್ಕು ಮೀಸೆ ಒರೆಸಿಕೊಂಡರು. ನಗುನಗುತ್ತಲೇ ನಮ್ಮ ಇಪ್ಪತ್ತೆರಡು ಮನೆಗಳ ಜನರನ್ನೂ ಹಳ್ಳದಾಚೆಯ ಊರಿನ ನಂಬರಿಗೆ ಸೇರಿಸಿ ಬರೆದುಕೊಂಡು ಹೋದರು.

ಮರುದಿನವೇ ಬಾಗಿಲುಗಳ ಮೇಲೆ ಮತ್ತೆ ನಂಬರು ಬರೆದು, ಅರ್ಜಿ ಹಿಡಿದು ಔರಾದಕ್ಕೆ ನಡೆದೆ. ಸಾಹೇಬರು ಬರೆದ ಕಾಗದ ಬೀದರಿಗೆ ಹೋಗಿದೆ ಎಂದರು. ಬೀದರಿನ ಕಚೇರಿಯಲ್ಲಿ ಎರಡು ದಿನ ಕಟ್ಟೆಯ ಮೇಲೆ ಕೂರಿಸಿ, ಹೈದರಾಬಾದಿಗೆ ಹೋಗಿದೆ ಎಂದರು. ಕಾರಕೂನನೊಬ್ಬ ತಲೆಯೆತ್ತದೆಯೇ ಹೇಳಿದ: “ಮುಂದಿನ ಎಣಿಕಿಗಿ ಬರ್ರಿ. ಹತ್ತ ವರ್ಷಕ್ಕ.” ಅಲ್ಲಿಯೇ ಜಪದ ಸಮಯವಾಯಿತು. ಕಣ್ಣು ಮುಚ್ಚಿದರೆ ಪಂಚಾಕ್ಷರಿಯ ನಡುವೆ ಅವನ ಧ್ವನಿಯೇ ಕೇಳುತ್ತಿತ್ತು.

ಶಾಲೆಯೇನೋ ಬಂದಿತು, ಹಳ್ಳದಾಚೆಯ ಊರಿಗೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ನಮ್ಮ ಮಕ್ಕಳು ಮನೆಯಲ್ಲೇ ಉಳಿದರು. ಹಳ್ಳ ಇಳಿದ ಮೇಲೆಯೂ ಹಲವರು ಮತ್ತೆ ಹೋಗಲಿಲ್ಲ.

ಮರುವರ್ಷ ಶಿವರಾತ್ರಿಯ ಮುನ್ನಾದಿನ ಅದೇ ಮುದುಕಿ ನೀರಿನ ಕೊಡ ಕೆಳಗಿಟ್ಟು ನನ್ನ ದಾರಿಗೆ ಅಡ್ಡ ನಿಂತಳು. ಅವಳ ಬಾಗಿಲ ಮೇಲೆ ನಾನು ಎರಡನೆಯ ಸಲ ಬರೆದ ನಂಬರು ಮಸುಕಾಗಿ ಇನ್ನೂ ಉಳಿದಿತ್ತು.

“ಅಯ್ಯನೋರ, ಈ ಸಲ ಬಾಗಲಾ ತೊಳೀಬೇಕೋ, ಬ್ಯಾಡೋ?”

“ತೊಳೀರಿ, ಅವ್ವಾ,” ಎಂದೆ. “ಇನ್ನ ಒಂಬತ್ತ ವರ್ಷ ತೊಳೀರಿ.”