ಬಸಿದ ನೀರು

ಅಪ್ಪನ ರಕ್ತ ಪರೀಕ್ಷೆಯ ಚೀಟಿಯನ್ನು ಡಾಕ್ಟರಿಗಿಂತ ಮೊದಲು ನಾನೇ ಓದುತ್ತಿದ್ದೆ. ತೊಂಬತ್ತರ ದಶಕದ ಮಾತು. ನಾನು ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅಪ್ಪ ತಿಂಗಳಿಗೊಮ್ಮೆ ಹಂಗಳದಿಂದ ಬಸ್ಸಿನಲ್ಲಿ ಬರುತ್ತಿದ್ದ. ಕಿಡ್ನಿ ಸೋತಿತ್ತು. ಮಾತ್ರೆಗಳಿಂದ ಕ್ರಿಯಾಟಿನಿನ್ ಏನೋ ಹತೋಟಿಗೆ ಬಂದಿತ್ತು, ಆದರೆ ಪೊಟ್ಯಾಷಿಯಂ ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ.

"ಇದು ಹೃದಯಕ್ಕೆ ಅಪಾಯ. ಮುಂದಿನ ತಿಂಗಳೂ ಇಳೀದಿದ್ರೆ ಡಯಾಲಿಸಿಸ್‌ಗೆ ಮೈಸೂರಿಗೆ ಕಳಿಸ್ತೀನಿ," ಎಂದರು ಡಾಕ್ಟರು. ಬಾಳೆಹಣ್ಣು, ಎಳನೀರು ಕೂಡದು, ಸೊಪ್ಪು ತರಕಾರಿ ಬೇಯಿಸಿ ನೀರು ಬಸಿದು ತಿನ್ನಬೇಕು ಎಂದು ಮೊದಲೇ ಹೇಳಿದ್ದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಬಸ್ ಸ್ಟ್ಯಾಂಡಿನಲ್ಲೇ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. "ಅವ್ವನ ಕಣ್ತಪ್ಸಿ ಬಾಳೆಹಣ್ಣು ತಿಂತಿದ್ದೀಯ. ನಿಜ ಹೇಳಪ್ಪ."

"ಇಲ್ಲ ಕಣಮ್ಮಿ. ನಿಮ್ಮವ್ವನ್ನೇ ಕೇಳು," ಎಂದ. ನಾನು ನಂಬಲಿಲ್ಲ.

ಕಳ್ಳತನ ಹಿಡಿಯಲೆಂದೇ ಭಾನುವಾರ ಹಂಗಳಕ್ಕೆ ಹೋದೆ. ಅವ್ವ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಒಂದು ಹನಿ ಉಳಿಯದಂತೆ ನೀರು ಬಸಿದಳು. ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಸರಿಯಾಗಿಯೇ ಇದೆಯಲ್ಲ ಅಂದುಕೊಂಡೆ. ಆಮೇಲೆ ಬಸಿದ ಆ ನೀರಿಗೇ ರುಬ್ಬಿದ ಖಾರ ಹಾಕಿ ಒಲೆಗಿಟ್ಟಳು. ಬಸ್ಸಾರು! ಅಪ್ಪ ಮುದ್ದೆ ಅದ್ದಿ ನುಂಗಿ, ಕೊನೆಗೆ ತಟ್ಟೆ ಎತ್ತಿ ಕುಡಿದ.

"ಅವ್ವ, ಆ ನೀರ್ನ ಚೆಲ್ಬೇಕಿತ್ತು. ಪೊಟ್ಯಾಷಿಯಂ ಎಲ್ಲಾ ಅದ್ರಲ್ಲೇ ಇಳ್ದಿರ್ತದೆ."

"ಬಸ್ದ ನೀರ್ನ ಯಾರಾರ ಚೆಲ್ತಾರಾ? ಬಸೀರಿ ಅಂದ್ರು, ಬಸ್ದೆ," ಎಂದಳು ಅವ್ವ.

ನಮ್ಮ ಕಡೆ ಬಸಿಯುವುದೇ ಸಾರಿಗಾಗಿ. ಅದೇ ಸಾರು ಉಂಡು ಬೆಳೆದ ನನಗಾದರೂ ಹೊಳೆಯಬೇಡವೇ? ನಗು ತಡೆಯಲಾಗಲಿಲ್ಲ. ಅಪ್ಪನೂ ನಕ್ಕ. "ಸುಮ್ಸುಮ್ನೆ ನನ್ನ ಬಾಳೆಹಣ್ಣಿನ ಕಳ್ಳ ಮಾಡ್ಬುಟ್ಟಲ್ಲ." ನನಗೆ ನಾಚಿಕೆಯಾಯಿತು.

ಅಂದಿನಿಂದ ಆ ನೀರು ಎಮ್ಮೆಯ ಪಾಲಾಯಿತು. ಎಮ್ಮೆ ಪುಣ್ಯ ಮಾಡಿತ್ತು ಎಂದು ಅಪ್ಪ ದಿನಾ ಗೊಣಗುತ್ತಿದ್ದನಂತೆ. ಮುಂದಿನ ತಿಂಗಳ ಚೀಟಿಯಲ್ಲಿ ಪೊಟ್ಯಾಷಿಯಂ ಇಳಿದಿತ್ತು. ಡಾಕ್ಟರು ಮೈಸೂರಿನ ಮಾತೇ ಎತ್ತಲಿಲ್ಲ. ನಾನು ಖುಷಿಗೆ ರಜೆ ಹಾಕಿ ಅಪ್ಪನ ಜೊತೆಯೇ ಊರಿಗೆ ಹೊರಟೆ.

ನಾವು ಹೋದಾಗ ಅವ್ವ ಬಸಿದ ನೀರಿನ ಪಾತ್ರೆ ಹಿಡಿದು ಕೊಟ್ಟಿಗೆಗೆ ಹೊರಟಿದ್ದಳು. ಅಪ್ಪನ ಎದುರು ಕೂತು ಬಸ್ಸಾರು ಉಣ್ಣಲು ಮನಸ್ಸಾಗದೆ ತಿಂಗಳಿಂದ ತಾನೂ ಅದನ್ನು ಬಿಟ್ಟಿದ್ದಳು. ಅಪ್ಪ ಅಡ್ಡ ನಿಂತ.

"ಇವತ್ತು ಎಮ್ಮೆಗೆ ಉಯ್ಬೇಡ ಕಣೆ. ಸಾರು ಮಾಡು, ನೀವಿಬ್ರೂ ಉಣ್ಣಿ. ನಾನು ಪಕ್ದಲ್ಲಿ ಕೂತು ವಾಸ್ನೆ ಕುಡೀತೀನಿ."

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಖಾರ ರುಬ್ಬಲು ಕೂತಳು.